ಹಸಿರು ಬಟನ್ ಇರಲಿ, ಪುಟ್ಟಿ

ದಾವಣಗೆರೆ
ಶುಕ್ರವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪಾಜಿಯ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಜ್ಜಿಗೆ ಮಂಡಿನೋವು ಹಾಗೇ ಇದೆ. ಆದರೆ ಊಟ ತಿಂಡಿಗೆ ಏನೂ ಕಡಿಮೆ ಇಲ್ಲ. ಅಳಿಯಂದಿರು, ನಿಮ್ಮ ಅತ್ತೆಯವರು ಆರೋಗ್ಯವಾಗಿದ್ದಾರೆ ಅಂದುಕೊಂಡಿದ್ದೇನೆ.

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಗೃಹಪ್ರವೇಶಕ್ಕೆ ಮುಂಚೆ ತಗೋಬೇಕು ಅಂತ ಹದಿನಾಲ್ಕು ಸಾಮಾನು ಬರೆದಿದ್ದೀಯ. ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಪ್ಲಗ್ಗು, ಕ್ಯಾಮೆರಾ, ಬಾಗಿಲಿನ ಬೀಗ, ಮಾತಾಡುವ ಸ್ಪೀಕರು, ಇನ್ನೂ ಏನೇನೋ. "ಯಾವುದು ಬೇಕು, ಯಾವುದು ಬೇಡ, ನೀವೇ ಹೇಳಿ ಅಪ್ಪಾಜಿ" ಅಂತ ಕೊನೆಯಲ್ಲಿ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತೆ. ಅದಕ್ಕೇ ಅಂಗಡಿ ಬಾಗಿಲು ಹಾಕಿ ಬಂದು ಬರೆಯುತ್ತಾ ಕೂತಿದ್ದೇನೆ.

ಇಂಥ ಸಾಮಾನು ನನಗೆ ತೀರಾ ಹೊಸದಲ್ಲ. ಸುಟ್ಟ ಮೋಟರಿಗೆ ತಂತಿ ಸುತ್ತುವ ವೈಂಡಿಂಗ್ ಕೆಲಸದ ಜೊತೆಗೆ ಜಗಳೂರು, ಚನ್ನಗಿರಿ ಕಡೆಯ ರೈತರಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿ ಕೊಡುತ್ತಾ ಎಷ್ಟು ವರ್ಷ ಆಯಿತು, ನಿನಗೇ ಗೊತ್ತು. ತೋಟಕ್ಕೆ ತ್ರೀ ಫೇಸ್ ಕರೆಂಟು ಕೊಡುವುದು ದಿನಕ್ಕೆ ಕೆಲವು ಗಂಟೆ. ಅದೂ ಎಷ್ಟೋ ಸಲ ರಾತ್ರಿ ಹೊತ್ತು. ಮೊದಲೆಲ್ಲ ಕರೆಂಟು ಬಂತಾ ಅಂತ ನೋಡಲಿಕ್ಕೇ ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೋಗಬೇಕಿತ್ತು. ಹಾವು, ಚೇಳು, ಒದ್ದೆ ನೆಲ, ಮೇಲೆ ಹಳೇ ವೈರು. ಈಗ ಸಿಮ್ ಹಾಕಿದ ಪುಟ್ಟ ಪೆಟ್ಟಿಗೆ ಬಂದಿದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಅದಕ್ಕೆ ಫೋನ್ ಹಚ್ಚಿ ಮೋಟರ್ ಶುರು ಮಾಡುತ್ತಾರೆ. ಮೂರು ಫೇಸಿನಲ್ಲಿ ಒಂದು ಹೋದರೆ ತಾನೇ ಬಂದ್ ಮಾಡುತ್ತೆ. ಬೋರಿನಲ್ಲಿ ನೀರು ಇಳಿದು ಪಂಪು ಒಣಗಿ ಓಡಿದರೂ ಬಂದ್ ಮಾಡಿ ಮೆಸೇಜ್ ಕಳಿಸುತ್ತೆ.

ಚನ್ನಗಿರಿ ಹತ್ತಿರ ಒಂದು ಅಡಿಕೆ ತೋಟಕ್ಕೆ ಅದನ್ನು ಕೂರಿಸಿದ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಜಮಾನರು ಮನೆಯ ಕಟ್ಟೆ ಮೇಲೆ ಕೂತು ಫೋನ್ ಮಾಡಿದರು. ದೂರದಲ್ಲಿ ಮೋಟರ್ ಗುಂಯ್ ಅಂತು. ಸ್ವಲ್ಪ ಹೊತ್ತಿಗೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿತು. ಅವರ ಮನೆಯವರು ಬಾಗಿಲಲ್ಲಿ ನಿಂತಿದ್ದರು. "ಅಂತೂ ಇವರು ರಾತ್ರಿ ತೋಟಕ್ಕೆ ಹೋಗೋದು ತಪ್ತು" ಅಂದರು. ಅಷ್ಟೇ ಮಾತು. ಆ ಪೆಟ್ಟಿಗೆಯ ಬೆಲೆ ಎಷ್ಟು ಅಂತ ಆಮೇಲೆ ಅವರು ಚೌಕಾಸಿ ಮಾಡಲೇ ಇಲ್ಲ.

ಈ ಪೆಟ್ಟಿಗೆ ಹಾಕುವಾಗ ನಾವು ಹಳೇ ಸ್ಟಾರ್ಟರ್ ತೆಗೆಯುವುದಿಲ್ಲ, ಪುಟ್ಟಿ. ಅದರ ಪಕ್ಕದಲ್ಲೇ ಕೂರಿಸುತ್ತೇವೆ. ಹಸಿರು ಬಟನ್ ಒತ್ತಿದರೆ ಶುರು, ಕೆಂಪು ಬಟನ್ ಒತ್ತಿದರೆ ಬಂದ್. ಟವರ್ ಸಿಗದಿರಲಿ, ಸಿಮ್ಮಿನ ರೀಚಾರ್ಜ್ ಮುಗಿಯಲಿ, ಹಸಿರು ಬಟನ್ ಕೆಲಸ ಮಾಡುತ್ತೆ. ನೀನು ಏನೇ ತಗೊಂಡರೂ ಇದನ್ನು ಕೇಳಿಕೋ. ದಿನಾ ಕಾಡುವ ಯಾವ ತೊಂದರೆ ಇದರಿಂದ ತಪ್ಪುತ್ತೆ? ನೆಟ್ ಹೋದ ದಿನ ಇದಕ್ಕೆ ಹಸಿರು ಬಟನ್ ಇದೆಯಾ? ಆ ಬಟನ್ನನ್ನು ನಿಮ್ಮ ಅತ್ತೆಯವರು, ಕೆಲಸದವರು ಕೂಡ ಒತ್ತಬಹುದಾ?

ಬಲ್ಬಿನಿಂದಲೇ ನೋಡು. ಹೋದ ವರ್ಷ ನಮ್ಮ ಹಾಲಿಗೆ ನಾನೇ ಎರಡು ಸ್ಮಾರ್ಟ್ ಬಲ್ಬು ತಂದು ಹಾಕಿದ್ದೆ. ಅಜ್ಜಿ ಮಲಗುವ ಮುಂಚೆ ಎಲ್ಲಾ ಸ್ವಿಚ್ ಆಫ್ ಮಾಡುವವರು. ಅರವತ್ತು ವರ್ಷದ ಅಭ್ಯಾಸ. ಗೋಡೆಯ ಸ್ವಿಚ್ ಆಫ್ ಆದ ಮೇಲೆ ಬಲ್ಬಿಗೆ ಕರೆಂಟೇ ಇಲ್ಲ, ಮೊಬೈಲಿನಲ್ಲಿ ಎಷ್ಟು ಒತ್ತಿದರೂ ಹತ್ತುವುದಿಲ್ಲ. ಅದರ ಮೇಲೆ ಇನ್ನೊಂದು. ಸ್ವಿಚ್ ಆನ್ ಇದ್ದ ಒಂದು ರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂತು. ಎರಡೂ ಬಲ್ಬು ಝಗ್ ಅಂತ ಹತ್ತಿಕೊಂಡವು. ನಿಮ್ಮಮ್ಮ ಗಾಬರಿಯಾಗಿ ಎದ್ದು ಕೂತಳು. ಕರೆಂಟು ಬಂದಾಗ ಮೊದಲಿನ ಹಾಗೇ ಇರಲಿ ಅಂತ ಆ್ಯಪ್‌ನಲ್ಲಿ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನು ಆಮೇಲೆ ಹುಡುಕಿ ಸರಿ ಮಾಡಿದೆ. ಬಲ್ಬಿನ ಬದಲು ಸ್ವಿಚ್ ಬೋರ್ಡಿನ ಹಿಂದೆ ಕೂರುವ ಮಾಡ್ಯೂಲ್ ಸಿಗುತ್ತೆ. ಗೋಡೆಯ ಸ್ವಿಚ್ಚೂ ನಡೆಯುತ್ತೆ, ಮೊಬೈಲೂ ನಡೆಯುತ್ತೆ. ಬೇಕೇ ಬೇಕು ಅಂದರೆ ಅದನ್ನು ತಗೋ.

ಪ್ಲಗ್ಗಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಒಬ್ಬರು ಗೀಸರಿಗೆ ಹಾಕಿದ್ದ, ಮೊಬೈಲಿನಿಂದ ಆನ್ ಆಫ್ ಮಾಡುವ ಸ್ಮಾರ್ಟ್ ಪ್ಲಗ್ಗನ್ನು ಪೇಪರಿನಲ್ಲಿ ಸುತ್ತಿಕೊಂಡು ಅಂಗಡಿಗೆ ತಂದಿದ್ದರು. ಬಿಚ್ಚಿದ ಕೂಡಲೇ ಸುಟ್ಟ ಪ್ಲಾಸ್ಟಿಕ್ ವಾಸನೆ. ಒಂದು ಪಿನ್ನಿನ ಸುತ್ತ ಕಪ್ಪಾಗಿ, ಬೆಲ್ಲದ ಪಾಕದ ಹಾಗೆ ಕರಗಿ ಇಳಿದಿತ್ತು. ಒಳಗಿನ ರಿಲೇ, ಅಂದರೆ ತಾನೇ ಆನ್ ಆಫ್ ಆಗುವ ಪುಟ್ಟ ಸ್ವಿಚ್ಚು, ಅಂಟಿಕೊಂಡು ಹೋಗಿತ್ತು. ಅಂದರೆ ಆ್ಯಪ್‌ನಲ್ಲಿ ಆಫ್ ಅಂತ ತೋರಿಸುತ್ತೆ, ಗೀಸರ್ ಮಾತ್ರ ಕಾಯುತ್ತಲೇ ಇರುತ್ತೆ. ಪ್ಲಗ್ಗಿನ ಮೇಲೆ 10 ಆಂಪಿಯರ್ ಅಂತ ಬರೆದಿತ್ತು. ಅವರ ಗೀಸರ್ 3000 ವ್ಯಾಟಿನದು. 230 ವೋಲ್ಟಿಗೆ ಭಾಗಿಸು, 13 ಆಂಪಿಯರ್ ಆಯಿತು. ಇಂಥದ್ದಕ್ಕೆ 16 ಆಂಪಿಯರಿನದೇ ಬೇಕು. ನಿಮ್ಮದು 2000 ವ್ಯಾಟಿನದು, ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತೆ. ಲೆಕ್ಕಕ್ಕೆ 10ರೊಳಗೆ ಬಂತು ಅಂತ 10ರದ್ದು ಹಾಕಬೇಡ. ಅದಕ್ಕೂ 16 ಆಂಪಿಯರಿನದೇ ಇರಲಿ, ಐಎಸ್ಐ ಗುರುತು ನೋಡು. ಬೆಳಿಗ್ಗೆ ಆರಕ್ಕೆ ಆನ್ ಆಗಿ ಆರೂವರೆಗೆ ತಾನೇ ಆಫ್ ಆಗುವ ಹಾಗೆ ಇಟ್ಟುಕೊಂಡರೆ ನಿಜವಾಗಿಯೂ ಉಪಯೋಗ. ನೀನು ಗೀಸರ್ ಆಫ್ ಮಾಡದೆ ಆಫೀಸಿಗೆ ಓಡುವವಳು ಅಂತ ನನಗೆ ಗೊತ್ತು.

ನೀರಿನ ಮೋಟರಿಗೆ ಮಾತ್ರ ಇಂಥ ಪ್ಲಗ್ಗನ್ನು ಯಾವತ್ತೂ ಹಾಕಬೇಡ. ಮೋಟರ್ ತಿರುಗಲು ಶುರುವಾಗುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ರಿಲೇ ತಡೆಯುವುದಿಲ್ಲ. ಕಾಂಟ್ಯಾಕ್ಟರ್, ಅಂದರೆ ಮೋಟರಿನ ಭಾರ ತಡೆಯುವ ದೊಡ್ಡ ಸ್ವಿಚ್ಚು, ಇರುವ ಪ್ಯಾನಲ್ ಮೂಲಕವೇ ಹೋಗಬೇಕು. ನಮ್ಮ ಮನೆಯಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲವಲ್ಲ, ಬಂದಾಗ ನೆಲದೊಳಗಿನ ಸಂಪು ತುಂಬಿಸಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟರ್ ಹಾಕಿ ಮರೆತರೆ ಟ್ಯಾಂಕ್ ತುಂಬಿ ನೀರು ರಸ್ತೆಗೆ. ಸಂಪು ಖಾಲಿಯಾಗಿದ್ದರೆ ವೈಂಡಿಂಗ್ ಸುಟ್ಟು ನನ್ನ ಅಂಗಡಿಗೇ ಬರುತ್ತೆ. ಮೇಲೊಂದು, ಕೆಳಗೊಂದು ಸೆನ್ಸರ್ ಇಳಿಬಿಟ್ಟ ಕಂಟ್ರೋಲರ್ ಹಾಕಿದ ಮೇಲೆ ಎರಡೂ ತಪ್ಪಿತು. ಅದಕ್ಕೆ ಇಂಟರ್ನೆಟ್ ಇಲ್ಲ. ಇದ್ದರೂ ನಾನು ಬೇಡ ಅನ್ನುತ್ತಿರಲಿಲ್ಲ, ಊರಿಗೆ ಹೋದಾಗ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಅಂತ ನೋಡಬಹುದು. ನಿಮ್ಮದು ಅಪಾರ್ಟ್‌ಮೆಂಟು, ಆ ಚಿಂತೆ ಇಲ್ಲ ಬಿಡು.

ಫ್ಯಾನು ಬಿಎಲ್‌ಡಿಸಿಯದೇ ತಗೋ, ಅಂದರೆ ಕರೆಂಟು ಕಡಿಮೆ ತಿನ್ನುವ ಹೊಸ ಬಗೆಯ ಮೋಟರಿನದು. ಹಳೇ ಫ್ಯಾನು 75 ವ್ಯಾಟ್ ತಿನ್ನುತ್ತೆ, ಇದಕ್ಕೆ 30 ಸಾಕು. ದಿನಕ್ಕೆ ಹತ್ತು ಗಂಟೆ ಓಡಿದರೆ ಒಂದು ಫ್ಯಾನಿಗೇ ತಿಂಗಳಿಗೆ 13 ಯೂನಿಟ್ ಉಳಿಯುತ್ತೆ. ಕರೆಂಟು ಹೋದಾಗ ಯುಪಿಎಸ್ ಕೂಡ ಜಾಸ್ತಿ ಹೊತ್ತು ಬರುತ್ತೆ. ವೈಫೈ ಇರುವ ಫ್ಯಾನು ಬೇಡ, ರಿಮೋಟ್ ಸಾಕು.

ಗ್ಯಾಸ್ ಸೆನ್ಸರ್ ನಿನ್ನ ಪಟ್ಟಿಯಲ್ಲಿ ಹದಿಮೂರನೆಯದು. ಅದನ್ನು ಮೊದಲು ತಗೋ. ನಿಮಗೆ ಸಿಲಿಂಡರ್ ತಾನೇ? ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಹರಡುತ್ತೆ. ಆದ್ದರಿಂದ ಸೆನ್ಸರನ್ನು ನೆಲದಿಂದ ಒಂದಡಿಯೊಳಗೆ ಕೂರಿಸಬೇಕು. ಚೆಂದ ಕಾಣುತ್ತೆ ಅಂತ ಚಿಮಣಿ ಪಕ್ಕ ಹಾಕಿದ್ದನ್ನು ನಾನೇ ನೋಡಿದ್ದೇನೆ, ಸುಮ್ನೆ ದಂಡ. ಮೊಬೈಲಿಗೆ ಮೆಸೇಜ್ ಬಂದರೆ ಒಳ್ಳೆಯದೇ. ಆದರೆ ಮುಖ್ಯವಾಗಿ ಅದು ತಾನೇ ಜೋರಾಗಿ ಕೂಗಬೇಕು. ನೀನು ಮೀಟಿಂಗಿನಲ್ಲಿದ್ದಾಗ ಮನೆಯಲ್ಲಿರುವ ಅತ್ತೆಯವರಿಗೆ ಕೇಳಿಸಬೇಕು ಅಲ್ವಾ? ಕೂಗಿದಾಗ ಸ್ವಿಚ್ ಮುಟ್ಟಬಾರದು, ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆಗೆಯಬೇಕು ಅಂತ ಅವರಿಗೆ ಮೊದಲೇ ಹೇಳಿಡು.

ಬೀಗಕ್ಕೆ ಬೀಗದ ಕೈ ಇರಲೇಬೇಕು. ಬೆರಳಿಟ್ಟರೆ ತೆಗೆಯುವ ಬೀಗಗಳು ಬ್ಯಾಟರಿ ಮೇಲೆ ನಡೆಯುತ್ತವೆ. ಬ್ಯಾಟರಿ ಸತ್ತರೆ ಹೊರಗಿನಿಂದ ತೆಗೆಯಲು ಏನು ದಾರಿ ಇದೆ ಅಂತ ನೋಡಿಕೊಂಡು ತಗೋ. ಒಂದು ಬೀಗದ ಕೈ ನಮ್ಮ ಹತ್ತಿರ ಕೊಟ್ಟಿರು.

ಮಾತಾಡುವ ಸ್ಪೀಕರ್ ನಮಗೆ ಬೇಡಮ್ಮ. ಪಕ್ಕದ ಮನೆಯಲ್ಲಿ ಅಜ್ಜಿ ಅದಕ್ಕೆ ಮೂರು ಸಲ ವಚನ ಹಾಕು ಅಂದರು, ಅದಕ್ಕೆ ತಿಳಿಯಲಿಲ್ಲ. ಅಜ್ಜಿಗೆ ರೇಡಿಯೋ ಇದೆ. ನಿನಗೆ ಬೇಕಾದರೆ ಮೈಕ್ ಬಂದ್ ಮಾಡುವ ಬಟನ್ ಇರುವುದನ್ನು ತಗೋ, ಮನೆ ಮಾತು ಆಡುವಾಗ ಅದನ್ನು ಒತ್ತಿಡು.

ಇನ್ನು ಕ್ಯಾಮೆರಾ. ಬಾಗಿಲ ಹೊರಗೆ ಒಂದು ಹಾಕಿಸು, ನಾನು ಬೇಡ ಅನ್ನುವುದಿಲ್ಲ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ಹೆಸರಿಲ್ಲದ್ದನ್ನು ತರಬೇಡ. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರದ ಭದ್ರತಾ ಪರೀಕ್ಷೆ ಪಾಸಾಗಿರಬೇಕು ಅಂತ ನಿಯಮ ಬಂದಿದೆ, ಅದನ್ನು ಕೇಳಿ ತಗೋ. ಡಬ್ಬಿಯಲ್ಲಿ ಬಂದ ಪಾಸ್‌ವರ್ಡನ್ನು ಆವತ್ತೇ ಬದಲಾಯಿಸು. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಪಾಸ್‌ವರ್ಡ್ ಬದಲಾಯಿಸದ ಲಕ್ಷಗಟ್ಟಲೆ ಕ್ಯಾಮೆರಾ, ರೂಟರ್‌ಗಳ ಒಳಗೆ ಹೊಕ್ಕಿತ್ತು. ಆ ಅಕ್ಟೋಬರಿನಲ್ಲಿ ಅವನ್ನೇ ಬಳಸಿಕೊಂಡು ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ಗಂಟೆಗಟ್ಟಲೆ ನಿಲ್ಲಿಸಿದ್ದರು. ಯಾರದೋ ಮನೆ ಬಾಗಿಲಿನ ಕ್ಯಾಮೆರಾ, ಅವರಿಗೇ ಗೊತ್ತಿಲ್ಲ.

ಆದರೆ ಅಜ್ಜಿಯ ಕೋಣೆಗೆ ಕ್ಯಾಮೆರಾ ಬೇಡ, ಪುಟ್ಟಿ. ನೀನು ಪ್ರೀತಿಯಿಂದಲೇ ಬರೆದಿದ್ದೀಯ, ನನಗೆ ಗೊತ್ತು. ರಾತ್ರಿ ಎದ್ದಾಗ ಬಿದ್ದುಬಿಟ್ಟರೆ ಅಂತ ನಿನಗೆ ಅಷ್ಟು ದೂರದಲ್ಲಿ ನಿದ್ದೆ ಬರುವುದಿಲ್ಲ. ಆದರೂ ಅದು ಅವರು ಸೀರೆ ಉಡುವ ಕೋಣೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವ, ತಾತನ ಫೋಟೋ ಮುಂದೆ ಒಬ್ಬರೇ ಕೂತು ಮಾತಾಡುವ ಕೋಣೆ. ಅವರಿಗೆ ಹೇಳದೆ ಹಾಕುವುದು ತಪ್ಪು. ಹೇಳಿದರೆ ಸರಿ ಅನ್ನುತ್ತಾರೆ, ನೀನು ಕೇಳಿದ್ದಕ್ಕೆ ಅವರು ಯಾವತ್ತು ಇಲ್ಲ ಅಂದಿದ್ದಾರೆ? ಆಮೇಲೆ ಆ ಕೋಣೆಯಲ್ಲಿ ಅವರಿಗೆ ಒಂದು ನಿಮಿಷವೂ ನೆಮ್ಮದಿ ಇರುವುದಿಲ್ಲ.

ಅವರು ಎಲ್ಲಿ ಎಡವುತ್ತಾರೆ ಅಂತ ನಾನು ಎರಡು ರಾತ್ರಿ ಎಚ್ಚರವಿದ್ದು ನೋಡಿದೆ. ಮಂಚದಿಂದ ಬಚ್ಚಲಿಗೆ ಒಂಬತ್ತು ಹೆಜ್ಜೆ. ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗುತ್ತಾರೆ, ಹೊಸ್ತಿಲ ಹತ್ತಿರ ಕಾಲು ತಡೆಯುತ್ತೆ. ಅಲ್ಲಿಗೆ ಯಾರಾದರೂ ಓಡಾಡಿದರೆ ತಾನೇ ಹತ್ತುವ ಎರಡು ಸಣ್ಣ ದೀಪ ಹಾಕಿದೆ. ಒಂದು ಮಂಚದ ಕೆಳಗೆ, ಒಂದು ಹೊಸ್ತಿಲ ಪಕ್ಕ. ದಿಂಬಿನ ಹತ್ತಿರ ವೈರಿಲ್ಲದ ಕಾಲಿಂಗ್ ಬೆಲ್ಲಿನ ಬಟನ್, ಬೆಲ್ಲು ನಮ್ಮ ಕೋಣೆಯಲ್ಲಿ. ಮೊದಲ ರಾತ್ರಿ ಒತ್ತಿ ನೋಡಿದರು. ನಾನು ಓಡಿ ಹೋದೆ. "ಏನಿಲ್ಲ, ನೀನು ಬರ್ತೀಯೋ ಇಲ್ವೋ ನೋಡಿದೆ" ಅಂದರು. ಬಚ್ಚಲಿಗೆ ಹಿಡಿಕೆ ಕೂರಿಸಲು ಗಾರೆಯವರಿಗೆ ಹೇಳಿದ್ದೇನೆ. ಅಜ್ಜಿಗೆ ಏನಾದರೂ ಕೊಡಿಸಲೇಬೇಕು ಅಂತ ನಿನಗೆ ಆಸೆ ಇದ್ದರೆ ವಿಡಿಯೋ ಕಾಲ್ ಬರುವ ದೊಡ್ಡ ಪರದೆಯ ಟ್ಯಾಬ್ ಕೊಡಿಸು. ದಿನಾ ಸಂಜೆ ಐದು ನಿಮಿಷ ಮಾತಾಡು. ಅವರೇ ಒತ್ತಿ ತೆಗೆಯಲಿ, ಸಾಕಾದಾಗ ಅವರೇ ಬಂದ್ ಮಾಡಲಿ.

ಇನ್ನೊಂದು ಮಾತು. ಇಂಥ ಎಷ್ಟೋ ಸಾಮಾನು ಕಂಪನಿಯ ಸರ್ವರ್, ಅಂದರೆ ದೂರದ ಕಂಪ್ಯೂಟರ್, ಮೂಲಕ ನಡೆಯುತ್ತೆ; ಕಂಪನಿ ಅದನ್ನು ನಿಲ್ಲಿಸಿದರೆ ಸಾಮಾನು ಸತ್ತ ಹಾಗೆ. ಅಮೆರಿಕದಲ್ಲಿ ರಿವಾಲ್ವ್ ಅನ್ನುವ ಒಂದು ಹಬ್ ಇತ್ತು, ಮನೆಯ ದೀಪ ಬಾಗಿಲುಗಳನ್ನೆಲ್ಲ ಅದರಿಂದ ನಡೆಸುತ್ತಿದ್ದರು. ಆ ಕಂಪನಿಯನ್ನು ಗೂಗಲ್ಲಿನ ನೆಸ್ಟ್ ಕೊಂಡುಕೊಂಡಿತು. 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿದರು, ದುಡ್ಡು ಕೊಟ್ಟವರ ಮನೆಯ ಪೆಟ್ಟಿಗೆ ಕೆಲಸ ನಿಲ್ಲಿಸಿತು. ಮ್ಯಾಟರ್ ಅನ್ನುವ ಗುರುತು ಇರುವ ಸಾಮಾನು 2022ರಿಂದೀಚೆಗೆ ಬರುತ್ತಿದೆ. ಒಂದೇ ಕಂಪನಿಗೆ ಅಂಟಿಕೊಳ್ಳುವುದಿಲ್ಲ, ನೆಟ್ ಹೋದರೂ ಮನೆಯ ವೈಫೈ ಇದ್ದರೆ ನಡೆಯುತ್ತೆ. ಸಿಕ್ಕರೆ ಅದನ್ನೇ ನೋಡು. ಬಹಳಷ್ಟು ಸ್ಮಾರ್ಟ್ ಪ್ಲಗ್ಗು, ಬಲ್ಬುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಬೇಕು, ರೂಟರಿನ ಇನ್ನೊಂದು ಬಗೆಯಾದ 5 ಗಿಗಾಹರ್ಟ್ಸಿಗೆ ಸೇರುವುದಿಲ್ಲ. ಆ್ಯಪ್‌ನಲ್ಲಿ ಸೇರಿಸಲು ಬರದಿದ್ದರೆ ಕೆಟ್ಟಿದೆ ಅಂತ ವಾಪಸ್ ಕಳಿಸುವ ಮುಂಚೆ ಇದನ್ನು ನೋಡು. ರೂಟರಿಗೆ 12 ವೋಲ್ಟಿನ ಸಣ್ಣ ಯುಪಿಎಸ್ ನಾನೇ ತರುತ್ತೇನೆ.

ಹದಿನಾಲ್ಕರಲ್ಲಿ ಐದು ಉಳಿದವು ನೋಡು. ಗ್ಯಾಸ್ ಸೆನ್ಸರ್, ಗೀಸರಿನ ಪ್ಲಗ್ಗು, ಫ್ಯಾನು, ಬಾಗಿಲ ಕ್ಯಾಮೆರಾ, ಬೀಗ. ಮಿಕ್ಕಿದ್ದನ್ನು ಆರು ತಿಂಗಳು ಆ ಮನೆಯಲ್ಲಿ ಇದ್ದು ನೋಡಿ, ಬೇಕು ಅನ್ನಿಸಿದರೆ ತಗೋ.

ಗೃಹಪ್ರವೇಶಕ್ಕೆ ನಾವು ಎರಡು ದಿನ ಮುಂಚೆ ಬರುತ್ತೇವೆ. ನಿಮ್ಮಮ್ಮ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಮಂಡಕ್ಕಿ ಇಲ್ಲಿಂದಲೇ ತರಬೇಕು ಅಂತ ಅಜ್ಜಿಯ ಅಪ್ಪಣೆ. ಟೆಸ್ಟರ್, ಸ್ಕ್ರೂಡ್ರೈವರ್ ನನ್ನ ಚೀಲದಲ್ಲೇ ಇರುತ್ತೆ. ಹಾಲಿನ ಸ್ವಿಚ್ ಬೋರ್ಡಿನ ಒಳಗೆ ನ್ಯೂಟ್ರಲ್ ವೈರ್, ಅಂದರೆ ಕರೆಂಟು ವಾಪಸ್ ಹೋಗುವ ವೈರು, ಎಳೆದಿದ್ದಾರಾ ಅಂತ ನೋಡಬೇಕು, ಇಲ್ಲದಿದ್ದರೆ ಆ ಮಾಡ್ಯೂಲ್ ಕೂರಿಸುವುದು ಕಷ್ಟ. ನೀನು ಬೋರ್ಡಿನ ಫೋಟೋ ಹೊರಗಿನಿಂದ ಮಾತ್ರ ತೆಗೆದು ಕಳಿಸು. ಸ್ಕ್ರೂಗೆ ಕೈ ಹಾಕಬೇಡ, ನಾನು ಬಂದು ಮೇನ್ ಆಫ್ ಮಾಡಿ ಬಿಚ್ಚುತ್ತೇನೆ.

ನಿನ್ನ
ಅಪ್ಪಾಜಿ