ಹಳೆ ಗ್ಯಾರೇಜ್ ಜಾಗ: ಒಂದೇ ಪರೀಕ್ಷೆ ಸಾಲದು
ದಾವಣಗೆರೆಯ ಹಳೆಯ ವಾಹನ ಸರ್ವಿಸ್ ಸ್ಟೇಷನ್ ಜಾಗಗಳಲ್ಲಿ ಮನೆ, ಮಳಿಗೆ ಏಳುವ ಮುನ್ನ ಅಂತರ್ಜಲ ಪರೀಕ್ಷೆ ಆಗಲೇಬೇಕು. ಮೇಲ್ಮಣ್ಣು ತೆಗೆದು ಹೊಸ ಮಣ್ಣು ತುಂಬಿದರೆ ಸಾಲದು. ಸರ್ವಿಸ್ ಗುಂಡಿಯಿಂದ ಇಳಿದ ಡೀಸೆಲ್, ಹಳೆ ಆಯಿಲ್ ಇಲ್ಲಿನ ಗಟ್ಟಿಶಿಲೆಯ ಬಿರುಕುಗಳಿಗೆ ಸೇರಿ ನೀರಿನ ಮೇಲೆ ತೇಲುತ್ತದೆ. ಆಳದ ಪಂಪು ಎತ್ತಿದ ನೀರಿನಲ್ಲಿ ಅದು ಕಾಣದೇ ಹೋಗಬಹುದು. ಆದ್ದರಿಂದ ಮಾದರಿಯನ್ನು ನೀರಿನ ಮೇಲ್ಮಟ್ಟದಿಂದಲೂ ತೆಗೆಯಬೇಕು. ಶುದ್ಧೀಕರಣ ನಿಲ್ಲಿಸಿದ ಮೇಲೂ, ಮಳೆಗಾಲದಲ್ಲಿ ನೀರು ಏರಿದಾಗ ಬಿರುಕಿಗೆ ಅಂಟಿದ್ದ ಎಣ್ಣೆ ಮತ್ತೆ ನೀರಿಗೆ ಸೇರಬಹುದು. ಒಮ್ಮೆ ಪರೀಕ್ಷಿಸಿ ಕಡತ ಮುಚ್ಚುವುದು ನಿಜಕ್ಕೂ ಅಪಾಯ.

ಕಲುಷಿತ ಪ್ರದೇಶಗಳ ನಿರ್ವಹಣೆಗೆ 2025ರಲ್ಲಿ ಕೇಂದ್ರದ ನಿಯಮಗಳು ಬಂದಿವೆ. ಮಹಾನಗರ ಪಾಲಿಕೆ ಇಂಥ ಜಾಗಗಳ ಪಟ್ಟಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಲಿ. ಮಂಡಳಿಯು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷಿಸಿ, ವರದಿ ಪ್ರಕಟಿಸಿದ ಮೇಲೆಯೇ ಕಟ್ಟಡ ಪರವಾನಗಿ ಸಿಗುವಂತಾಗಲಿ.

– ನಿವೃತ್ತ ಭೂವಿಜ್ಞಾನಿ, ದಾವಣಗೆರೆ