ಚಾವಿ ಕೊಡುವ ಮೊದಲು

ಪ್ರೀತಿಯ ಪುಟ್ಟ,

ನಿನ್ನ ಅಮ್ಮ ಫೋನ್ ಮಾಡಿದ್ದಳು. ಬೆಂಗಳೂರಲ್ಲಿ ಕೆಲಸ ಸಿಕ್ಕಿತು ಅಂತ ಕೇಳಿ ತುಂಬಾ ಖುಷಿಯಾಯಿತು. ಆದರೆ ಪುಣೆಯ ವಾಕಡ್‌ನ ಮನೆ ಬಿಡುವ ವಿಷಯ ಮಾಲೀಕರಿಗೆ ಇನ್ನೂ ಹೇಳಿಲ್ಲವಂತೆ, ಆಮೇಲೆ ಹೇಳಿದರಾಯಿತು ಅಂತ ಕೂತಿದ್ದೀಯಂತೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಮೇಲೆ ಐದು ಮನೆ ಬದಲಿಸಿದೆವು. ಎರಡನೇ ಮನೆ ಬಿಡುವಾಗ ನಿನ್ನ ದೊಡ್ಡಪ್ಪ ಮೆಟ್ಟಿಲ ಮೇಲೆ ಸಿಕ್ಕ ಮಾಲೀಕರಿಗೆ ಬಾಯಲ್ಲೇ ಹೇಳಿದರು, ಅವರೂ ಮರಾಠಿಯಲ್ಲಿ 'ಚಾಲೇಲ್, ಚಾಲೇಲ್' (ಆಯ್ತು, ನಡೆಯುತ್ತೆ) ಅಂದರು. ಟೆಂಪೋ ಹೊರಟಿತು, ನಾನೇ ಚಾವಿ ಕೈಗೆ ಕೊಟ್ಟೆ. ಆಮೇಲೆ ಡಿಪಾಸಿಟ್ ಕೇಳಿದರೆ, ನೋಟಿಸ್ ಎಲ್ಲಿ ಕೊಟ್ಟಿದ್ದೀರಿ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು, ಪೇಂಟಿಂಗ್ ಅಂತ ಇನ್ನಷ್ಟು. ಗೋಡೆ ಹಾಳಾಗಿದ್ದು ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಸೋರಿ, ನಮ್ಮಿಂದಲ್ಲ. ಆದರೆ ಸಾಕ್ಷಿ ಏನಿತ್ತು?

ಮೊದಲು ಲೀವ್ ಆಂಡ್ ಲೈಸೆನ್ಸ್ ಅಗ್ರಿಮೆಂಟ್ (ಮನೆ ಬಾಡಿಗೆ ಕರಾರು) ತೆಗೆದು ಓದು. 11 ತಿಂಗಳದ್ದೇ ಇರಬೇಕು. ನೋಟಿಸ್ ಎಷ್ಟು ದಿನ, ಲಾಕ್-ಇನ್ (ಇಷ್ಟು ತಿಂಗಳು ಮನೆ ಬಿಡುವಂತಿಲ್ಲ ಅನ್ನುವ ಷರತ್ತು) ಇದೆಯಾ, ಪೇಂಟಿಂಗ್‌ಗೆ ಎಷ್ಟು ಮುರಿಯಬಹುದು, ಈ ಮೂರನ್ನು ನೋಡು. ಲಾಕ್-ಇನ್ ಮುಗಿಯದಿದ್ದರೆ ಉಳಿದ ತಿಂಗಳ ಬಾಡಿಗೆ ಕೇಳಬಹುದು, ಅದಕ್ಕೆ ಈಗಲೇ ಮಾತಾಡು. ನೋಟಿಸ್ ಬರವಣಿಗೆಯಲ್ಲೇ ಇರಲಿ. ಬಿಡುವ ತಾರೀಕು, ಡಿಪಾಸಿಟ್ ಮೊತ್ತ, ನಿನ್ನ ಬ್ಯಾಂಕ್ ಖಾತೆ ಬರೆದು ಇಮೇಲ್ ಮಾಡು, ಅದನ್ನೇ ವಾಟ್ಸಾಪ್‌ಗೂ ಹಾಕು, ಅವರಿಂದ ಒಂದು 'ಓಕೆ' ಬರುವ ತನಕ ಬಿಡಬೇಡ. ಅಗ್ರಿಮೆಂಟ್ ನೋಂದಣಿ ಮಾಡಿಸುವುದು ಮಾಲೀಕರ ಜವಾಬ್ದಾರಿ, ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಹಾಗೆ ಹೇಳುತ್ತದೆ. ನೋಂದಣಿ ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಬೇರೆ ಥರ ಅಂತ ಮಾಲೀಕರು ಸಾಬೀತು ಮಾಡುವ ತನಕ. ಇದು ಗೊತ್ತಿದ್ದರೆ ಮಾತಾಡೋಕೆ ಧೈರ್ಯ ಬರುತ್ತದೆ, ಅಲ್ವಾ?

ಕೊನೇ ತಿಂಗಳ ಬಾಡಿಗೆ ಕೊಡದೆ ಡಿಪಾಸಿಟ್‌ನಲ್ಲಿ ಹೊಂದಿಸಿಕೊಳ್ಳಿ ಅನ್ನೋದು ನಿನ್ನ ಫ್ರೆಂಡ್ಸ್ ಕಲಿಸಿದ ಬುದ್ಧಿ ಇರಬೇಕು. ಮಾಲೀಕರು ಬರೆದು ಒಪ್ಪಿದರೆ ಸರಿ. ಸುಮ್ನೆ ನೀನೇ ನಿಲ್ಲಿಸಿದರೆ ತಪ್ಪು ನಿನ್ನ ಮೇಲೇ ಬರುತ್ತದೆ. ಹಾಗೇ ಹಣ ಕೊಡುವ ತನಕ ಬಿಡಲ್ಲ ಅಂತ ಅವಧಿ ಮುಗಿದ ಮೇಲೂ ಕೂರಬೇಡ, ಎರಡು ಪಟ್ಟು ಬಾಡಿಗೆ ಹಾಕುವ ಅವಕಾಶ ಅದೇ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿದೆ.

ಲೆಕ್ಕವೆಲ್ಲ ಒಂದು ವಾರ ಮೊದಲೇ ಮುಗಿಸು. ಅವರನ್ನು ಕರೆದು ಮನೆ ತೋರಿಸು, ಫ್ಯಾನ್, ಗೀಸರ್, ನಲ್ಲಿ ಎಲ್ಲ ಅವರೆದುರೇ ಹಾಕಿ ತೋರಿಸು, ಖಾಲಿ ಮನೆಯ ವಿಡಿಯೋ ಮಾಡು, ಮಹಾವಿತರಣದ (ಕರೆಂಟ್ ಕಂಪನಿ) ಮೀಟರ್ ರೀಡಿಂಗ್ ಕಾಣುವಂತೆ ಫೋಟೋ ತೆಗೆ. ಕೊನೇ ಕರೆಂಟ್ ಬಿಲ್ ಬರಲಿ ಆಮೇಲೆ ನೋಡೋಣ ಅಂತ ಇಡೀ ಡಿಪಾಸಿಟ್ ಹಿಡಿದಿಡುವುದು ಹಳೇ ಆಟ. ಹಿಂದಿನ ತಿಂಗಳ ಬಿಲ್ಲಿನಷ್ಟೇ ಇಟ್ಟುಕೊಂಡು ಉಳಿದದ್ದು ಇವತ್ತೇ ಹಾಕಿ ಅಂತ ನೇರವಾಗಿ ಹೇಳು. ಪೈಪ್ ಗ್ಯಾಸ್, ಸೊಸೈಟಿ ಬಾಕಿ ಕಟ್ಟಿದ ರಸೀದಿ ಇಟ್ಟುಕೋ. ಕೆಲವು ಸೊಸೈಟಿಗಳಲ್ಲಿ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಇಲ್ಲದೆ ಟೆಂಪೋವನ್ನೇ ಗೇಟು ದಾಟಿಸಲ್ಲ, ವಾಚ್‌ಮನ್ ಹತ್ತಿರ ಕೇಳಿ ತಿಳಿದುಕೋ.

ಚಾವಿ ಕೊಡುವ ದಿನ ಇಬ್ಬರೂ ಎದುರೆದುರು ಇರಿ. ಹಣ ಖಾತೆಗೆ ಬಂದ ಮೆಸೇಜ್ ನೋಡಿ ಚಾವಿ ಕೊಡು, ಚಾವಿ ಪಡೆದೆ ಅಂತ ಒಂದು ಸಾಲು ಬರೆಸಿಕೋ. ಅಷ್ಟಾದರೂ ಕೊಡಲಿಲ್ಲ ಅಂದರೆ ವಕೀಲರ ನೋಟಿಸ್ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸೋಣ. ಬಾಕಿ ಹಣಕ್ಕೆ ದಾವೆ ಹೂಡಲು ಮೂರು ವರ್ಷ ಸಮಯವಿದೆ. ಬಹುತೇಕರು ಆ ನೋಟಿಸಿಗೇ ಮೆತ್ತಗಾಗುತ್ತಾರೆ.

ಇವತ್ತು ರಾತ್ರಿ ಅಗ್ರಿಮೆಂಟಿನ ಫೋಟೋ ಕಳಿಸು, ಎಲ್ಲ ಪುಟದ್ದೂ. ದೊಡ್ಡಪ್ಪ ಆಗಲೇ ಕನ್ನಡಕ ಹುಡುಕುತ್ತಿದ್ದಾರೆ.

ನಿನ್ನ,
ದೊಡ್ಡಮ್ಮ