ಕಪ್ಪು ಉಡುಪಿನ ಪ್ರಚಾರ, ಮರಳು ಮನುಷ್ಯನ ಕಥೆ

ಸಂಪಾದಕರಿಗೆ,

ಮಾನ್ಯರೇ,

ಅಬ್ಬರದ ಪ್ರಚಾರದೊಂದಿಗೆ ಬಂದು ನಿರಾಸೆ ಮೂಡಿಸಿದ ಸೂಪರ್‌ಹೀರೊ ಚಿತ್ರಗಳ ಕುರಿತು ನಿಮ್ಮ ಸಿನಿಮಾ ಪುರವಣಿಯಲ್ಲಿ ಕಳೆದ ವಾರ ಪ್ರಕಟವಾದ ಲೇಖನವನ್ನು ಓದಿದೆ. ಅದರಲ್ಲಿ 2007ರ ‘ಸ್ಪೈಡರ್‌ಮ್ಯಾನ್ 3’ ಚಿತ್ರದ ಬಗ್ಗೆ ಹೇಳಿರುವ ಮುಖ್ಯ ದೂರು ಒಂದೇ: ಮೂವರು ಖಳರನ್ನು ಒಂದೇ ಚಿತ್ರದಲ್ಲಿ ತುರುಕಿದ್ದರಿಂದ ಚಿತ್ರ ಕೆಟ್ಟಿತು ಎಂಬುದು. ಚಿತ್ರ ತೆರೆಕಂಡಂದಿನಿಂದ ಎಲ್ಲರೂ ಹೇಳುತ್ತಾ ಬಂದಿರುವ ಮಾತೇ ಇದು. ಬಿಡುಗಡೆಯಾದ ವಾರವೇ ಅದನ್ನು ನೋಡಿ ಬಂದು ನಾನೂ ಹೀಗೆಯೇ ಹೇಳಿದ್ದೆ. ಆದರೆ ಈಚೆಗೆ ಮೊದಲ ಎರಡು ಭಾಗಗಳ ಬೆನ್ನಿಗೇ ಅದನ್ನು ಮತ್ತೊಮ್ಮೆ ನೋಡಿದ ಮೇಲೆ, ಖಳರ ತಲೆ ಎಣಿಸಿ ಚಿತ್ರದ ದೋಷವನ್ನು ಹೇಳುವುದು ಸರಿಯಲ್ಲ ಎನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಆಗಿನ ನಿರೀಕ್ಷೆಗೆ ಕಾರಣವಿತ್ತು. ಸ್ಯಾಮ್ ರೈಮಿ ನಿರ್ದೇಶನದ ಮೊದಲ ಭಾಗ 2002ರಲ್ಲಿ ತೆರೆಕಂಡಾಗ, ಅಮೆರಿಕದಲ್ಲಿ ಮೊದಲ ಮೂರೇ ದಿನಗಳಲ್ಲಿ 10 ಕೋಟಿ ಡಾಲರ್ ಗಳಿಕೆಯನ್ನು ದಾಟಿದ ಮೊತ್ತಮೊದಲ ಚಿತ್ರ ಎನಿಸಿಕೊಂಡಿತು. 2004ರ ಎರಡನೇ ಭಾಗವಂತೂ ಗಳಿಕೆಯ ಮಾತನ್ನು ಮೀರಿ ಜನರ ಮನಸ್ಸಿಗೆ ಹತ್ತಿರವಾಯಿತು. ಓಡುವ ರೈಲನ್ನು ತನ್ನ ಮೈಯನ್ನೇ ಅಡ್ಡವಿಟ್ಟು ನಿಲ್ಲಿಸಿ ಪ್ರಜ್ಞೆ ತಪ್ಪಿದ ನಾಯಕನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮಲಗಿಸುವಾಗ, ಮುಖವಾಡವಿಲ್ಲದ ಆ ಮುಖವನ್ನು ನೋಡಿ ಒಬ್ಬಾತ ಇವನಿನ್ನೂ ಹುಡುಗನಲ್ಲವೇ ಎಂದು ಬೆರಗಾಗುವ ದೃಶ್ಯವನ್ನು ನೋಡಿದವರು ಮರೆತಿರಲಾರರು. ಅಂಥ ಚಿತ್ರದ ಮುಂದಿನ ಭಾಗ ಎಂದ ಮೇಲೆ ಜನ ಕಾಯದೆ ಇದ್ದಾರೆಯೇ? 25 ಕೋಟಿ ಡಾಲರಿಗೂ ಮೀರಿದ ವೆಚ್ಚ ಎಂಬ ಸುದ್ದಿ ಚಿತ್ರಕ್ಕಿಂತ ಮೊದಲೇ ಊರೆಲ್ಲ ಸುತ್ತಿತ್ತು. ಅಮೆರಿಕದಲ್ಲಿ ಮೊದಲ ಮೂರು ದಿನಗಳಲ್ಲೇ ಸುಮಾರು 15 ಕೋಟಿ ಡಾಲರ್ ಬಂದು, ಅದೂ ಆ ಹೊತ್ತಿನ ದಾಖಲೆಯಾಯಿತು.

ಆದರೆ ಪ್ರಚಾರ ನಮಗೆ ಏನನ್ನು ಮಾರಿತು ಎಂಬುದನ್ನು ಗಮನಿಸಬೇಕು. ಪೋಸ್ಟರಿನಲ್ಲೂ ಟ್ರೇಲರಿನಲ್ಲೂ ಎದ್ದು ಕಾಣುತ್ತಿದ್ದದ್ದು ಕಪ್ಪು ಉಡುಪು. ನಾಯಕ ಕೆಟ್ಟವನಾಗುತ್ತಾನೆ, ಅವನೊಳಗೇ ಅವನ ಶತ್ರು ಹುಟ್ಟುತ್ತಾನೆ ಎಂಬುದೇ ನಮಗೆ ಸಿಕ್ಕ ಭರವಸೆ. ಆ ಉಡುಪಿನ ಬೆನ್ನಿಗೆ, ಅದು ಇನ್ನೊಬ್ಬನ ಮೈಗೆ ಅಂಟಿ ಹುಟ್ಟುವ ಖಳ ವೆನಮ್ ಬಂದೇ ಬರುತ್ತಾನೆ ಎಂದು ಕಾಮಿಕ್ಸ್ ಓದಿದವರೆಲ್ಲ ತುದಿಗಾಲಲ್ಲಿ ನಿಂತಿದ್ದರು. ನಿರ್ದೇಶಕರ ಮನಸ್ಸು ಮಾತ್ರ ಬೇರೆ ಕಡೆ ಇತ್ತು. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 1963ರಲ್ಲಿ ಸೃಷ್ಟಿಸಿದ, ಮೈಯೆಲ್ಲ ಮರಳಾದ ಖಳ ಸ್ಯಾಂಡ್‌ಮ್ಯಾನ್ ರೈಮಿ ಅವರ ಬಾಲ್ಯದ ಕಾಲದವನು. ವೆನಮ್ ಪೂರ್ಣರೂಪದಲ್ಲಿ ಕಾಮಿಕ್ಸಿನ ಪುಟಕ್ಕೆ ಬಂದದ್ದು 1988ರಲ್ಲಿ, ಮುಂದಿನ ತಲೆಮಾರಿನ ಓದುಗರಿಗಾಗಿ. ವೆನಮ್ ತಮಗೆ ಒಗ್ಗದ ಪಾತ್ರ ಎಂಬುದನ್ನು ರೈಮಿ ಮುಚ್ಚಿಟ್ಟವರಲ್ಲ. ಅಭಿಮಾನಿಗಳು ಕೇಳುತ್ತಿದ್ದಾರೆ ಎಂದು ನಿರ್ಮಾಪಕ ಆವಿ ಅರಾದ್ ಒತ್ತಾಯಿಸಿದ್ದರಿಂದ ಆ ಪಾತ್ರ ಸೇರಿತು. ಹಾಗಾಗಿ ನಾವು ಚಿತ್ರಮಂದಿರದಲ್ಲಿ ನೋಡಿದ್ದು ಒಂದೇ ಟಿಕೆಟ್ಟಿನಲ್ಲಿ ಎರಡು ಚಿತ್ರಗಳನ್ನು: ಪ್ರಚಾರ ಹೇಳಿದ್ದೊಂದು, ನಿರ್ದೇಶಕರು ಮಾಡಬಯಸಿದ್ದು ಇನ್ನೊಂದು.

ಆ ಇನ್ನೊಂದು ಚಿತ್ರ ಎಷ್ಟು ಚೆನ್ನಾಗಿರಬಹುದಿತ್ತು ಎಂಬುದನ್ನು ತಿಳಿಯಲು ಒಂದೇ ದೃಶ್ಯ ಸಾಕು. ಜೈಲಿನಿಂದ ತಪ್ಪಿಸಿಕೊಂಡು ಓಡುತ್ತಿರುವ, ಮುಂದೆ ಸ್ಯಾಂಡ್‌ಮ್ಯಾನ್ ಆಗುವ ಫ್ಲಿಂಟ್ ಮಾರ್ಕೊ ಒಂದು ಪ್ರಯೋಗ ಕೇಂದ್ರದ ಬೇಲಿ ಹಾರಿ ಮರಳು ತುಂಬಿದ ಗುಂಡಿಗೆ ಬೀಳುತ್ತಾನೆ. ಒಳಗೆ ಕುಳಿತ ವಿಜ್ಞಾನಿಗಳಿಗೆ ಯಂತ್ರದಲ್ಲಿ ತೂಕದ ವ್ಯತ್ಯಾಸ ಕಾಣುತ್ತದೆ. ಹಕ್ಕಿಯೋ ಏನೋ ಕೂತಿರಬೇಕು, ಯಂತ್ರ ಶುರುವಾದರೆ ಹಾರಿಹೋಗುತ್ತದೆ ಎಂದುಕೊಂಡು ಸ್ವಿಚ್ಚು ಒತ್ತುತ್ತಾರೆ. ಬೆಳಕು ಹರಿದಾಗ ಅಲ್ಲಿ ಮನುಷ್ಯನಿಲ್ಲ, ಮರಳಿದೆ. ಮೊದಲು ಕೆಲವು ಕಣಗಳು ಉರುಳುತ್ತವೆ. ಆಮೇಲೆ ರಾಶಿ ಮೆಲ್ಲನೆ ಮೇಲೆದ್ದು, ಭುಜದಂತೆ, ತಲೆಯಂತೆ ಆಗಿ, ಮತ್ತೆ ಕುಸಿಯುತ್ತದೆ. ಪಕ್ಕದಲ್ಲಿ ಕಾಯಿಲೆಯ ಮಗಳ ಚಿತ್ರವಿರುವ ಲಾಕೆಟ್ ಬಿದ್ದಿದೆ. ಅದನ್ನು ಎತ್ತಿಕೊಳ್ಳಲು ಅವನು ಕೈಚಾಚಿದರೆ ಕೈಯೇ ಉದುರಿಹೋಗುತ್ತದೆ. ಅವನು ಆ ಮೊಂಡುಗೈಯನ್ನು ನೋಡಿಕೊಳ್ಳುತ್ತಾನೆ, ಮತ್ತೆ ಪ್ರಯತ್ನಿಸುತ್ತಾನೆ, ಕೊನೆಗೆ ಬೆರಳುಗಳು ಗಟ್ಟಿಯಾಗಿ ಲಾಕೆಟ್ ಮುಷ್ಟಿಯೊಳಗೆ ಬರುತ್ತದೆ. ಮಾತಿಲ್ಲ, ಹೊಡೆದಾಟವಿಲ್ಲ, ಕ್ರಿಸ್ಟೋಫರ್ ಯಂಗ್ ಅವರ ಸಂಗೀತವೊಂದೇ. ಕಂಪ್ಯೂಟರ್ ಗ್ರಾಫಿಕ್ಸ್ ಎಂಬುದು ಕಟ್ಟಡ ಉರುಳಿಸುವುದಕ್ಕಷ್ಟೇ ಅಲ್ಲದೆ, ಒಬ್ಬ ತಂದೆಗೆ ಮಗಳಿಗಾಗಿ ಮೈ ಕೂಡಿಸಿಕೊಳ್ಳಬೇಕೆಂಬ ಹಟ ಎಷ್ಟಿದೆ ಎಂಬುದನ್ನು ತೋರಿಸಲೂ ಒದಗುತ್ತದೆ ಎಂದು ನನಗೆ ಗೊತ್ತಾದದ್ದು ಈ ದೃಶ್ಯದಿಂದ. ಇದಕ್ಕೆ ಸಾಟಿಯಾದ ದೃಶ್ಯ ಆಮೇಲೆ ಬಂದ ಯಾವ ಸೂಪರ್‌ಹೀರೊ ಚಿತ್ರದಲ್ಲೂ ನನಗೆ ಸಿಕ್ಕಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ನಿಮ್ಮ ಲೇಖಕರ ಮಾತು ಈ ಚಿತ್ರಕ್ಕೆ ಒಪ್ಪದಿರುವುದು ಇದೇ ಕಾರಣಕ್ಕೆ. ಅಗೆದಾಗ ಸಿಕ್ಕಿದ್ದು ಇಲಿಯಲ್ಲ; ಸಿಕ್ಕಿದ್ದರ ಮೇಲೆ ಮತ್ತೆ ಮಣ್ಣೆಳೆದರು, ಅಷ್ಟೆ.

ಈಗ ಮೂವರು ಖಳರ ಮಾತಿಗೆ ಬರುತ್ತೇನೆ. ಎರಡನೇ ಭಾಗದ ಅವಧಿ 127 ನಿಮಿಷ, ಮೂರನೆಯದರದ್ದು 139; ಹೆಚ್ಚಾದ ಹನ್ನೆರಡು ನಿಮಿಷಗಳಲ್ಲಿ ಹೆಚ್ಚಾದ ಇಬ್ಬರು ಖಳರಿಗೆ ಜಾಗವೆಲ್ಲಿ ಎಂಬ ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಈ ಮೂವರನ್ನೂ ಒಂದೇ ದಾರದಲ್ಲಿ ಪೋಣಿಸುವ ಪ್ರಶ್ನೆಯೊಂದು ಚಿತ್ರದಲ್ಲಿತ್ತು: ಸೇಡೋ, ಕ್ಷಮೆಯೋ? ತನ್ನ ತಂದೆಯನ್ನು ಕೊಂದವನು ಗೆಳೆಯ ಪೀಟರನೇ, ಅಂದರೆ ಸ್ಪೈಡರ್‌ಮ್ಯಾನನೇ, ಎಂದು ನಂಬಿದ ಮೂರನೇ ಖಳ ಹ್ಯಾರಿಗೆ ಸೇಡು ಬೇಕು. ಸುಳ್ಳು ಛಾಯಾಚಿತ್ರ ಕೊಟ್ಟು ಸಿಕ್ಕಿಬಿದ್ದು ಕೆಲಸ ಕಳೆದುಕೊಂಡ, ಮುಂದೆ ವೆನಮ್ ಆಗುವ ಎಡ್ಡಿ ಬ್ರಾಕ್‌ಗೂ ಸೇಡು ಬೇಕು. ದೊಡ್ಡಪ್ಪನನ್ನು ಕೊಂದವನು ಮಾರ್ಕೊ ಎಂದು ತಿಳಿದ ಪೀಟರ್‌ಗಂತೂ ಕ್ಷಮೆ ಎಂಬ ಪದವೇ ಮರೆತುಹೋಗುತ್ತದೆ. ಸೇಡು ವಿಷದ ಹಾಗೆ ಮನುಷ್ಯನನ್ನು ಆವರಿಸುತ್ತದೆ ಎಂದು ಮೇ ದೊಡ್ಡಮ್ಮ ಹೇಳುವ ಮಾತು ಇವರೆಲ್ಲರಿಗೂ ಸಲ್ಲುತ್ತದೆ. ಒಂದೇ ಪ್ರಶ್ನೆಯನ್ನು ಎದುರಿಸುವ ನಾಲ್ವರ ಕಥೆ ಎಂದು ನೋಡಿದರೆ ಪಾತ್ರಗಳ ಸಂಖ್ಯೆ ಹೊರೆಯಾಗಬೇಕಿರಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಹೇಳಲೇಬೇಕು. ಮೊದಲ ಭಾಗದಲ್ಲಿ ಪೀಟರ್ ಅಸಡ್ಡೆಯಿಂದ ಓಡಲು ಬಿಟ್ಟ ಕಳ್ಳನೇ ಅವನ ದೊಡ್ಡಪ್ಪನನ್ನು ಕೊಂದ ಎಂಬುದು ಇಡೀ ಸರಣಿಯ ಅಡಿಗಲ್ಲು. ಮೂರನೇ ಭಾಗ ಬಂದು, ಗುಂಡು ಹಾರಿಸಿದವನು ಆ ಕಳ್ಳನಲ್ಲ, ಅವನ ಜೊತೆಗಾರ ಮಾರ್ಕೊ ಎನ್ನುತ್ತದೆ. ಕಳ್ಳ ಓಡಿಬಂದ ಗಾಬರಿಯಲ್ಲಿ ಕೈತಪ್ಪಿ ಗುಂಡು ಹಾರಿತು ಎಂದು ಕೊನೆಯಲ್ಲಿ ವಿವರಿಸಿ ಹಳೆಯ ನಂಟನ್ನು ಉಳಿಸಿಕೊಳ್ಳಲು ನೋಡುತ್ತದೆ. ಪೀಟರನ ಅಪರಾಧಿ ಭಾವ ಇದರಿಂದ ಪೂರ್ತಿ ಅಳಿಸಿಹೋಗದಿದ್ದರೂ ಮಸುಕಾಗುವುದು ಖಂಡಿತ. ಚಿತ್ರ ಎಡವಿದ್ದಕ್ಕೆ ಪ್ರಚಾರವನ್ನಾಗಲಿ ನಿರ್ಮಾಪಕರನ್ನಾಗಲಿ ದೂರಿ ಈ ತಪ್ಪನ್ನು ನಾನು ಮುಚ್ಚಿಡಲಾರೆ, ಏಕೆಂದರೆ ಇದು ಸ್ಯಾಂಡ್‌ಮ್ಯಾನ್ ಕಥೆಯ ಒಳಗೇ ಆದ ತಪ್ಪು.

ಕಪ್ಪು ಉಡುಪು ತೊಟ್ಟ ಪೀಟರ್ ಕೂದಲನ್ನು ಹಣೆಗೆ ಇಳಿಬಿಟ್ಟು ಬೀದಿಯಲ್ಲಿ ಕುಣಿಯುತ್ತಾ ಹೋಗುವ ದೃಶ್ಯವನ್ನು ಲೇಖಕರು ಹಾಸ್ಯಾಸ್ಪದ ಎಂದಿದ್ದಾರೆ. ಹಾಸ್ಯಾಸ್ಪದವೇ ಹೌದು, ಆದರೆ ಬೇಕೆಂದೇ ಹಾಗೆ ಮಾಡಿದ್ದು. ಹುಟ್ಟಾ ಸಂಕೋಚದ ಹುಡುಗನೊಬ್ಬ ತಾನು ಕೆಟ್ಟವನಾಗಿದ್ದೇನೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎಂದುಕೊಂಡರೆ ಇಷ್ಟೇ ಆಗಲು ಅವನಿಗೆ ಸಾಧ್ಯ. ದಾರಿಯ ಹೆಂಗಸರು ಮುಖ ಸಿಂಡರಿಸಿಕೊಂಡು ಸರಿಯುವುದನ್ನು ಕ್ಯಾಮೆರಾ ನಮಗೆ ತೋರಿಸುತ್ತಲೇ ಇದೆ. ಟೋಬಿ ಮಗ್ವೈರ್ ಅದನ್ನು ನಾಚಿಕೆ ಬಿಟ್ಟು ಅಭಿನಯಿಸಿದ್ದಾರೆ. ಪ್ರೇಕ್ಷಕರಿಗೆ ಸಿಟ್ಟು ಬಂದದ್ದು ದೃಶ್ಯ ಕೆಟ್ಟದಾಗಿತ್ತು ಎಂದಲ್ಲ, ಪೋಸ್ಟರ್ ಕೊಟ್ಟ ಮಾತಿಗೆ ಅದು ವಿರುದ್ಧವಾಗಿತ್ತು ಎಂದು. ಕರಾಳವಾದದ್ದನ್ನು ನೋಡಲು ಬಂದವರ ಎದುರು ನಿರ್ದೇಶಕರು ಗೇಲಿಯನ್ನು ಇಟ್ಟರು. ನಾನೂ ಅಂದು ಮುಖ ಗಂಟಿಕ್ಕಿಕೊಂಡು ಕುಳಿತವನೇ. ಈ ಬಾರಿ ಮನಸಾರೆ ನಕ್ಕೆ.

ವೆನಮ್ ಬರುವ ದೃಶ್ಯ ಮಾತ್ರ ನಿಜಕ್ಕೂ ಚೆನ್ನಾಗಿದೆ. ಚರ್ಚಿನ ಗೋಪುರದಲ್ಲಿ ಗಂಟೆಯ ಸದ್ದಿನ ನಡುವೆ ಪೀಟರ್ ಆ ಉಡುಪನ್ನು ಮೈಯಿಂದ ಕಿತ್ತೆಸೆಯುತ್ತಿರುವಾಗ, ಕೆಳಗೆ ಎಡ್ಡಿ ಬ್ರಾಕ್ ದೇವರೆದುರು ತಲೆಬಾಗಿ, ಪೀಟರ್ ಪಾರ್ಕರನನ್ನು ಕೊಂದುಬಿಡು ಎಂದು ಬೇಡಿಕೊಳ್ಳುತ್ತಿರುತ್ತಾನೆ. ಒಬ್ಬ ಕಳಚಿದ್ದು ಇನ್ನೊಬ್ಬನ ಮೇಲೆ ಬೀಳುತ್ತದೆ. ಇಲ್ಲಿಂದಾಚೆಗೆ ಚಿತ್ರಕ್ಕೆ ಎಲ್ಲಿಲ್ಲದ ಅವಸರ. ವೆನಮ್ ಮತ್ತು ಸ್ಯಾಂಡ್‌ಮ್ಯಾನ್ ಗಲ್ಲಿಯೊಂದರಲ್ಲಿ ನಾಲ್ಕು ಮಾತಾಡಿ ಕೈಜೋಡಿಸುತ್ತಾರೆ. ಹ್ಯಾರಿಯ ತಂದೆ ಸತ್ತದ್ದು ಆ ತಂದೆಯದೇ ಆಯುಧದಿಂದ ಎಂದು, ಅಷ್ಟು ಕಾಲ ಬಾಯಿಮುಚ್ಚಿಕೊಂಡಿದ್ದ ಮನೆಯ ಸೇವಕ ಥಟ್ಟನೆ ಬಾಯಿಬಿಡುತ್ತಾನೆ. ಮಾತಿಲ್ಲದೆ ಲಾಕೆಟ್ ಹಿಡಿದುಕೊಂಡ ಅದೇ ಮಾರ್ಕೊ ಮಹಡಿಗಳೆತ್ತರದ ಮರಳಿನ ರಾಕ್ಷಸನಾಗಿ ಗರ್ಜಿಸುತ್ತಾ ಮುಷ್ಟಿ ಬೀಸುತ್ತಾನೆ. ಜನ ನೋಡಬೇಕೆಂದು ಕಾದಿದ್ದ ಕಾಳಗ ಇದು. ಕ್ಷಮೆಯ ಪ್ರಶ್ನೆಯನ್ನು ಬದಿಗೆ ಸರಿಸಿಯೇ ಅದನ್ನು ಒದಗಿಸಬೇಕಾಯಿತು. ತಾವು ಎಲ್ಲ ಪಾತ್ರಗಳನ್ನೂ ನಂಬದೆ ಈ ಚಿತ್ರ ಮಾಡಿದ್ದೇ ತಪ್ಪಾಯಿತು ಎಂಬ ಅರ್ಥದ ಮಾತನ್ನು ರೈಮಿ ವರ್ಷಗಳ ನಂತರ ಸಂದರ್ಶನವೊಂದರಲ್ಲಿ ಆಡಿದರು. ನಾಲ್ಕನೇ ಭಾಗದ ಸಿದ್ಧತೆ 2010ರ ಆರಂಭದಲ್ಲಿ ನಿಂತುಹೋಗಿ, 2012ರಲ್ಲಿ ಹೊಸ ನಟ, ಹೊಸ ನಿರ್ದೇಶಕರೊಂದಿಗೆ ಕಥೆ ಮೊದಲಿನಿಂದ ಶುರುವಾಯಿತು.

ಕಾಳಗ ಮುಗಿದ ಮೇಲೆ ಮಾರ್ಕೊ ಬಂದು ಪೀಟರನ ಎದುರು ನಿಲ್ಲುತ್ತಾನೆ. ಕ್ಷಮಿಸು ಎಂದು ಕೇಳುವುದಿಲ್ಲ, ಅರ್ಥಮಾಡಿಕೋ ಎನ್ನುತ್ತಾನೆ. ಪೀಟರ್ ಕ್ಷಮಿಸುತ್ತಾನೆ. ಮಾರ್ಕೊ ಪಾತ್ರದ ನಟ ಥಾಮಸ್ ಹೇಡನ್ ಚರ್ಚ್ ಆ ಕೆಲವು ಮಾತುಗಳನ್ನು ಎಷ್ಟು ದಣಿದ ದನಿಯಲ್ಲಿ ಹೇಳುತ್ತಾರೆಂದರೆ, ಅದಕ್ಕೆ ಸ್ವಲ್ಪ ಮೊದಲಿನ ಗರ್ಜನೆ ಬೇರೆ ಯಾವುದೋ ಚಿತ್ರದಿಂದ ತಂದು ಅಂಟಿಸಿದಂತೆ ತೋರುತ್ತದೆ. ಆಮೇಲೆ ಅವನು ಧೂಳಾಗಿ ಗಾಳಿಯಲ್ಲಿ ತೇಲಿಹೋಗುತ್ತಾನೆ. ಯಾವ ಮಗಳ ಚಿಕಿತ್ಸೆಗಾಗಿ ಇಷ್ಟೆಲ್ಲ ಕದ್ದನೋ ಆ ಮಗು ಬದುಕಿತೇ ಎಂಬುದನ್ನು, ಚಿತ್ರಮಂದಿರಕ್ಕೆ ಬಂದ ಚಿತ್ರ ಹೇಳಲೇ ಇಲ್ಲ. 2021ರ ‘ನೋ ವೇ ಹೋಮ್’ ಚಿತ್ರದಲ್ಲಿ ಅವನನ್ನು ಮತ್ತೆ ಕರೆತಂದಾಗಲೂ ಅವನಿಗೆ ಬೇಕಿದ್ದದ್ದು ಒಂದೇ, ಮನೆಗೆ ಹೋಗಿ ಮಗಳನ್ನು ನೋಡುವುದು.

ಇಂತಿ,
ಒಬ್ಬ ಪ್ರೇಕ್ಷಕ